ಭೂಕಂಪವಾದ ಹಳ್ಳಿಯಲ್ಲಿ ಶಿಕ್ಷಕರ ಕೆಲಸ: ಹೆಸರಿನ ಪಟ್ಟಿಯಿಂದ ತಾತ್ಕಾಲಿಕ ಶಾಲೆಯವರೆಗೆ

1993ರ ಸೆಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ನಡುಗಿತು. ತೀವ್ರತೆ 6.2. ಹಿಮಾಲಯದ ಕಡೆಯ ಕಂಪನಗಳ ಮುಂದೆ ಇದು ಮಧ್ಯಮ ಮಟ್ಟದ್ದು. ಆದರೂ ಸತ್ತವರ ಸಂಖ್ಯೆ ಹತ್ತು ಸಾವಿರದ ಹತ್ತಿರ ಹೋಯಿತು. ಎರಡು ಮೂರು ಅಡಿ ದಪ್ಪದ ಕಲ್ಲು–ಮಣ್ಣಿನ ಗೋಡೆ, ಜಂತಿಗಳ ಮೇಲೆ ವರ್ಷವರ್ಷವೂ ಮಣ್ಣು ಹೇರಿದ ಮಾಳಿಗೆ, ಒಳಗೆ ಗಾಢ ನಿದ್ರೆಯಲ್ಲಿದ್ದ ಜನ. ಕೊಂದದ್ದು ಗೋಡೆ ಮತ್ತು ಮಾಳಿಗೆ. ಆಗಿನ ನಕ್ಷೆಯಲ್ಲಿ ಆ ಪ್ರದೇಶ ಅತಿ ಕಡಿಮೆ ಅಪಾಯದ ಒಂದನೇ ವಲಯದಲ್ಲಿತ್ತು.

ಅಂಥದ್ದೇ ಮನೆಗಳು ಗಡಿಯ ಈಚೆಗೆ ಬೀದರ್, ಕಲಬುರಗಿ, ವಿಜಯಪುರ ಜಿಲ್ಲೆಗಳ ಊರೂರಲ್ಲಿ ಇವತ್ತಿಗೂ ಇವೆ. 2021ರ ಅಕ್ಟೋಬರ್‌ನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮೇಲಿಂದ ಮೇಲೆ ನೆಲ ನಡುಗಿದಾಗ ಜನ ರಾತ್ರಿಯೆಲ್ಲ ಹೊರಗೇ ಕಳೆದರು. ಕಿಲ್ಲಾರಿಯ ಸುತ್ತಲೂ ದೊಡ್ಡ ಕಂಪನದ ಹಿಂದಿನ ವರ್ಷ, 1992ರಲ್ಲಿ, ಸಣ್ಣ ಕಂಪನಗಳ ಸರಣಿಯೇ ಬಂದಿತ್ತು. ಸಣ್ಣ ಕಂಪನಗಳಾದ ಮೇಲೆಲ್ಲ ದೊಡ್ಡದು ಬಂದೇ ಬರುತ್ತದೆ ಎಂದಲ್ಲ. ಆದರೆ ತಯಾರಿ ಇಲ್ಲದೆ ಕೂರಲು ಅದು ಕಾರಣವಾಗಬಾರದು.

ಈ ಮಾರ್ಗದರ್ಶಿ ಇಂಥ ಹಳ್ಳಿಗಳ ಸರ್ಕಾರಿ ಶಾಲೆಯ ಶಿಕ್ಷಕರಿಗಾಗಿ. ಕಲ್ಲು ಎತ್ತುವ ಬಲ ಊರ ಹುಡುಗರಿಗಿದೆ, ಔಷಧ ಕೊಡುವ ಜ್ಞಾನ ಆರೋಗ್ಯ ಸಿಬ್ಬಂದಿಗಿದೆ. ಯಾವ ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಬರಹದಲ್ಲಿ ಇಡಬಲ್ಲವರು ಶಿಕ್ಷಕರು. ದಾಖಲಾತಿ, ಮನೆ ಭೇಟಿ, ಜನಗಣತಿ, ಮತದಾರರ ಪಟ್ಟಿ ಎಂದು ಪ್ರತಿ ಮನೆಯ ಹೊಸ್ತಿಲೂ ಅವರಿಗೆ ಗೊತ್ತು. ಪರಿಹಾರದ ಪ್ರತಿ ಹಂತವೂ ಆ ಪಟ್ಟಿಯ ಮೇಲೆ ನಿಲ್ಲುತ್ತದೆ.

ಹಂತ 1: ಭೂಮಿ ನಡುಗುವ ಮೊದಲೇ ಪಟ್ಟಿ

ಸ್ಯಾಟ್ಸ್ (ಶಿಕ್ಷಣ ಇಲಾಖೆಯ ವಿದ್ಯಾರ್ಥಿ ಮಾಹಿತಿ ಜಾಲ) ದಾಖಲೆಯಲ್ಲಿ ಮಗುವಿನ ವಿವರವಿದೆ, ಅಜ್ಜಿಯದಿಲ್ಲ. ಪಡಿತರ ಚೀಟಿಯಲ್ಲಿ ಕುಟುಂಬದ ಹೆಸರುಗಳಿವೆ, ಅವರು ಮಲಗುವ ಜಾಗವಿಲ್ಲ. ಆದ್ದರಿಂದ ಒಂದು ಉದ್ದ ಪುಸ್ತಕದಲ್ಲಿ ಓಣಿವಾರು ಬೇರೆಯೇ ಪಟ್ಟಿ ಬರೆಯಿರಿ. ಇಷ್ಟು ಅಂಕಣ ಸಾಕು: ಮನೆ ಸಂಖ್ಯೆ ಮತ್ತು ಮನೆಯ ಗುರುತು, ರಾತ್ರಿ ಮಲಗುವವರ ಹೆಸರು, ವಯಸ್ಸು, ಎಲ್ಲಿ ಮಲಗುತ್ತಾರೆ (ಒಳಮನೆ, ಪಡಸಾಲೆ, ಮಾಳಿಗೆ, ಅಂಗಳ, ಹೊಲದ ಗುಡಿಸಲು), ಗರ್ಭಿಣಿ, ಬಾಣಂತಿ, ಹಾಸಿಗೆ ಹಿಡಿದವರು, ಕಣ್ಣು ಕಾಣದವರು, ದಿನಾ ತಪ್ಪಿಸಬಾರದ ಔಷಧ, ದನಕರುಗಳ ಲೆಕ್ಕ, ಬೇರೆ ಊರಿನ ಒಬ್ಬ ಸಂಬಂಧಿಕರ ಫೋನ್ ಸಂಖ್ಯೆ.

‘ಎಲ್ಲಿ ಮಲಗುತ್ತಾರೆ’ ಎಂಬ ಅಂಕಣವನ್ನು ಎಷ್ಟೇ ಅವಸರವಿದ್ದರೂ ಬಿಡಬೇಡಿ. ಕಲ್ಲು–ಮಣ್ಣಿನ ಮನೆ ಬಿದ್ದಾಗ ಮಣ್ಣು ಹಿಟ್ಟಿನಂತೆ ಸಂದುಗಳನ್ನೆಲ್ಲ ತುಂಬುತ್ತದೆ. ಕಾಂಕ್ರೀಟ್ ಕಟ್ಟಡದ ಅವಶೇಷದಲ್ಲಿ ಸಿಗುವಷ್ಟು ಗಾಳಿಯ ಜಾಗ ಇಲ್ಲಿ ಉಳಿಯುವುದಿಲ್ಲ, ಸಮಯವೂ ಬಹಳ ಕಡಿಮೆ. ಮುದುಕಿ ಒಳಮನೆಯ ಬಲಗೋಡೆಯ ಪಕ್ಕ ಮಲಗುತ್ತಿದ್ದಳು ಎಂದು ಗೊತ್ತಿದ್ದರೆ ಅಗೆಯುವವರು ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಗೊತ್ತಿಲ್ಲದಿದ್ದರೆ ಇಡೀ ಮನೆ ಅಗೆಯಬೇಕು.

ಪಟ್ಟಿಯನ್ನು ವರ್ಷಕ್ಕೆ ಎರಡು ಸಲ ತಿದ್ದಿ: ಜೂನ್ ದಾಖಲಾತಿಯ ಹೊತ್ತಿಗೆ ಒಮ್ಮೆ, ದೀಪಾವಳಿಯ ನಂತರ ಜನ ಗುಳೆ ಹೊರಡುವಾಗ ಇನ್ನೊಮ್ಮೆ. ಮೂರು ಪ್ರತಿ ಮಾಡಿ. ಒಂದು ಶಾಲೆಯಲ್ಲಿ, ಒಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ, ಮೂರನೆಯದು ಊರಲ್ಲೇ ಇರುವ ಆಶಾ ಕಾರ್ಯಕರ್ತೆ ಅಥವಾ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರ ಬಳಿ. ಮೂರನೆಯ ಪ್ರತಿ ಯಾಕೆ ಬೇಕೆಂದರೆ ಬಹಳಷ್ಟು ಶಿಕ್ಷಕರು ತಾಲ್ಲೂಕು ಕೇಂದ್ರದಿಂದ ಓಡಾಡುತ್ತಾರೆ. ಕಂಪನ ರಾತ್ರಿಯಾದರೆ ಅವರು ಬರುವುದು ಬೆಳಿಗ್ಗೆ. ಬೀಗ ಹಾಕಿದ ಬೀರುವಿನಲ್ಲಿರುವ ಪಟ್ಟಿ, ಅದೂ ಬಿರುಕು ಬಿಟ್ಟ ಕೋಣೆಯಲ್ಲಿ, ಯಾರಿಗೂ ಉಪಯೋಗವಿಲ್ಲ. ಪಟ್ಟಿಯಲ್ಲಿ ಜನರ ಕಾಯಿಲೆಯ ವಿವರವೂ ಇರುವುದರಿಂದ ಈ ಮೂವರ ಹೊರತು ಯಾರಿಗೂ ಪ್ರತಿ ಕೊಡಬೇಡಿ, ವಾಟ್ಸ್ಆ್ಯಪ್ ಗುಂಪಿಗಂತೂ ಹಾಕಲೇಬೇಡಿ.

ಹಂತ 2: ಮೊದಲ ಗಂಟೆ

ಶಾಲೆ ನಡೆಯುವಾಗ ನೆಲ ನಡುಗಿದರೆ ಮಕ್ಕಳು ಮೇಜಿನ ಕೆಳಗೆ ಕುಳಿತು ಅದರ ಕಾಲು ಹಿಡಿದುಕೊಳ್ಳಲಿ. ಚಿಕ್ಕ ಮಕ್ಕಳು ನೆಲದ ಮೇಲೆ ಕೂತು ಕಲಿಯುವ, ಮೇಜಿಲ್ಲದ ನಲಿ–ಕಲಿ ಕೋಣೆಯಲ್ಲಿ ಕಿಟಕಿ, ಬೀರು, ಗೋಡೆ ಕಪಾಟುಗಳಿಂದ ದೂರ ಕುಳಿತು ತಲೆಯ ಮೇಲೆ ಚೀಲ ಹಿಡಿಯಲಿ. ನಡುಕ ನಿಂತ ಕೂಡಲೇ ಸಾಲಾಗಿ ಬಯಲಿಗೆ. ಓಡುವಾಗ ಬಾಗಿಲಲ್ಲಿ ತುಳಿತ ಆಗುವುದು ಮೊದಲ ಅಪಾಯ, ಹೊರಬಂದ ಮೇಲೆ ಕಂಪೌಂಡ್ ಗೋಡೆಗೆ ಒರಗಿ ನಿಲ್ಲುವುದು ಎರಡನೆಯದು. ಯಾವ ಗೋಡೆಯಿಂದಲೂ ಅದರ ಎತ್ತರದ ಒಂದೂವರೆ ಪಟ್ಟು ದೂರ ನಿಲ್ಲಿಸಿ. 2001ರ ಜನವರಿ 26ರ ಬೆಳಿಗ್ಗೆ ಕಚ್ಛ್‌ನ ಅಂಜಾರಿನಲ್ಲಿ ಗಣರಾಜ್ಯೋತ್ಸವದ ಮೆರವಣಿಗೆ ಹೊರಟಿದ್ದ ಶಾಲಾ ಮಕ್ಕಳು ಕಿರಿದಾದ ಗಲ್ಲಿಯಲ್ಲಿದ್ದಾಗಲೇ ಎರಡೂ ಬದಿಯ ಮನೆಗಳು ಅವರ ಮೇಲೆ ಬಿದ್ದವು. ಪ್ರಭಾತ ಫೇರಿಯ ದಾರಿ ಗೊತ್ತುಮಾಡುವಾಗ ಇದು ನೆನಪಿರಲಿ.

ಬಯಲಲ್ಲಿ ಹಾಜರಿ ಕರೆಯಿರಿ. ಮಗುವನ್ನು ಒಪ್ಪಿಸುವಾಗ ಯಾರಿಗೆ, ಎಷ್ಟು ಹೊತ್ತಿಗೆ ಎಂದು ಬರೆದು ಸಹಿ ಅಥವಾ ಹೆಬ್ಬೆಟ್ಟು ಪಡೆಯಿರಿ. ಮನೆಯವರು ಬರದ ಮಗುವನ್ನು ಒಂಟಿಯಾಗಿ ಕಳುಹಿಸಬೇಡಿ, ‘ನಾನು ಅವನ ಚಿಕ್ಕಪ್ಪ’ ಎಂದು ಬಂದ ಅಪರಿಚಿತರಿಗೂ ಒಪ್ಪಿಸಬೇಡಿ.

ಆಮೇಲೆ ಫೋನ್. 112ಕ್ಕೆ, ಆಂಬ್ಯುಲೆನ್ಸ್‌ಗೆ 108ಕ್ಕೆ, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077ಕ್ಕೆ. ಹೇಳಬೇಕಾದದ್ದು ಐದೇ ಮಾತು: ಊರು ಮತ್ತು ಪಂಚಾಯಿತಿ, ಬಿದ್ದ ಮನೆಗಳ ಅಂದಾಜು, ಒಳಗೆ ಸಿಲುಕಿದವರ ಅಂದಾಜು, ರಸ್ತೆ ತೆರೆದಿದೆಯೇ, ನಿಮ್ಮ ಸಂಖ್ಯೆ. ಲೈನ್ ಸಿಗದಿದ್ದರೆ ಎಸ್‌ಎಂಎಸ್ ಹಾಕಿ, ಕರೆ ಹೋಗದ ಕಡೆಯೂ ಅದು ಹೋಗುವ ಸಂಭವ ಹೆಚ್ಚು. ಅದೂ ಆಗದಿದ್ದರೆ ಬೈಕಿನಲ್ಲಿ ಒಬ್ಬನನ್ನು ಬರೆದ ಚೀಟಿ ಕೊಟ್ಟು ಕಳುಹಿಸಿ. ಬಾಯಲ್ಲಿ ಹೇಳಿ ಕಳುಹಿಸಿದ ಸಂಖ್ಯೆ ತಾಲ್ಲೂಕು ಕಚೇರಿ ಮುಟ್ಟುವಷ್ಟರಲ್ಲಿ ಬದಲಾಗಿರುತ್ತದೆ.

ಶಿಕ್ಷಕರ ಮನೆಯೂ ಬಿದ್ದಿರಬಹುದು. ಮೊದಲು ನಿಮ್ಮ ಮನೆಯವರನ್ನು ನೋಡಿಕೊಳ್ಳಿ. ಅವರ ಸುದ್ದಿ ತಿಳಿಯದವರಿಗೆ ಪಟ್ಟಿ ಹಿಡಿದು ನಿಲ್ಲುವ ಕೆಲಸ ಹೇಳುವುದು ತಪ್ಪು, ಅಂಥವರ ಮನಸ್ಸು ಲೆಕ್ಕದಲ್ಲಿ ನಿಲ್ಲುವುದೂ ಇಲ್ಲ.

ಹಂತ 3: ಇದ್ದವರು, ಸಿಗದವರು

ಓಣಿಗೆ ಇಬ್ಬರಂತೆ ಹಂಚಿಕೊಂಡು ಪ್ರತಿ ಹೆಸರಿನ ಮುಂದೆ ಗುರುತು ಹಾಕಿ: ಕಣ್ಣಾರೆ ಕಂಡವರಿಗೆ ಸರಿ ಗುರುತು, ಗಾಯಗೊಂಡವರಿಗೆ ‘ಗಾ’, ಊರಲ್ಲಿ ಇಲ್ಲದವರಿಗೆ ‘ಹೊ’, ಸಿಗದವರಿಗೆ ಸುತ್ತು. ‘ಅವರು ಹೊಲಕ್ಕೆ ಹೋಗಿದ್ದರಂತೆ’ ಎಂಬ ಅಂತೆಕಂತೆಗೆ ಸರಿ ಗುರುತು ಹಾಕಬೇಡಿ. ಕಂಡವರು ಯಾರು ಎಂದು ಪಕ್ಕದಲ್ಲಿ ಬರೆಯಿರಿ. ಸುತ್ತು ಬಿದ್ದ ಹೆಸರುಗಳನ್ನು ಮಾತ್ರ ಬೇರೆ ಹಾಳೆಗೆ ಇಳಿಸಿ ಅಗೆಯುವವರ ಕೈಗೆ ಕೊಡಿ.

ಅಗೆತದ ಜಾಗದಲ್ಲಿ ಶಿಕ್ಷಕರು ಕಾಪಾಡಬೇಕಾದದ್ದು ಶಿಸ್ತನ್ನು. ಜೀವಂತ ಇರುವವರ ಸುಳಿವಿರುವ ಕಡೆ ಜೆಸಿಬಿ ಬೇಡ. ಕೈ, ಪುಟ್ಟಿ, ಸಣ್ಣ ಹಾರೆ ಸಾಕು. ಮೇಲಿನ ಮಣ್ಣನ್ನು ಮೊದಲು ತೆಗೆಯಿರಿ, ಪಕ್ಕದಿಂದ ಕೊರೆದರೆ ಮಾಳಿಗೆಯ ಉಳಿದ ಭಾರ ಕೆಳಗೆ ಜಾರುತ್ತದೆ. ಆಗಾಗ ಎಲ್ಲರನ್ನೂ ಎರಡು ನಿಮಿಷ ಸುಮ್ಮನಾಗಿಸಿ, ಇಂಜಿನ್ ನಿಲ್ಲಿಸಿ, ಹೆಸರು ಹಿಡಿದು ಕೂಗಿ ಆಲಿಸಿ. ಸಿಲಿಂಡರ್ ಇದ್ದ ಮನೆಯಲ್ಲಿ ಬೆಂಕಿಕಡ್ಡಿ, ಬೀಡಿ ಬೇಡ. ಕಾಲೋ ತೊಡೆಯೋ ಬಹಳ ಹೊತ್ತು ಕಲ್ಲಿನಡಿ ಅದುಮಿದ್ದವರನ್ನು ಎಳೆದು ತೆಗೆಯುವ ಮೊದಲು ಆರೋಗ್ಯ ಸಿಬ್ಬಂದಿಗೆ ತಿಳಿಸಿ. ಭಾರ ಸರಿದ ಕೂಡಲೇ ಜಜ್ಜಿದ ಸ್ನಾಯುವಿನಲ್ಲಿ ಸೇರಿದ್ದ ವಿಷಾಂಶ ರಕ್ತಕ್ಕೆ ನುಗ್ಗಿ ಹೃದಯ, ಮೂತ್ರಪಿಂಡಗಳಿಗೆ ಅಪಾಯವಾಗುತ್ತದೆ. ಮಾತಾಡುತ್ತಿದ್ದವರು ಹೊರತೆಗೆದ ಸ್ವಲ್ಪ ಹೊತ್ತಿಗೆ ಸಾಯುವುದು ಹೀಗೆ.

ಹಂತ 4: ಶಾಲೆಯ ಕಟ್ಟಡದೊಳಗೆ ಯಾರನ್ನೂ ಬಿಡುವ ಮೊದಲು

ಊರಲ್ಲಿ ಗಟ್ಟಿ ಕಟ್ಟಡ ಶಾಲೆಯೊಂದೇ ಆಗಿದ್ದರೆ ಜನ ಸಹಜವಾಗಿ ಅಲ್ಲಿಗೇ ನುಗ್ಗುತ್ತಾರೆ. ಮರುಕಂಪನ ಬರುವುದು ಖಚಿತ. ನೇಪಾಳದಲ್ಲಿ 2015ರ ಏಪ್ರಿಲ್ 25ರ 7.8 ತೀವ್ರತೆಯ ಕಂಪನದ ನಂತರ ಮೇ 12ರಂದು 7.3ರದ್ದು ಬಂತು, ಅರೆಬಿರಿದು ನಿಂತಿದ್ದ ಕಟ್ಟಡಗಳು ಆಗ ಉರುಳಿದವು.

ಹೊರಗಿನಿಂದ, ಹಗಲಲ್ಲಿ, ಇಬ್ಬರು ಸುತ್ತುಹಾಕಿ ನೋಡಿ. ಇವುಗಳಲ್ಲಿ ಒಂದಿದ್ದರೂ ಬೀಗ ಹಾಕಿ ಬಾಗಿಲಿಗೆ ಕೆಂಪು ಬಣ್ಣದಲ್ಲಿ ದೊಡ್ಡ ಗೀಟು ಎಳೆಯಿರಿ: ಕಿಟಕಿಗಳ ನಡುವಿನ ಗೋಡೆಯಲ್ಲಿ ಓರೆಯಾಗಿ ಅಥವಾ ಗುಣಿಸು ಚಿಹ್ನೆಯಂತೆ ಬಿರುಕು, ಪೆನ್ಸಿಲ್ ತೂರುವಷ್ಟು ಅಗಲದ ಬಿರುಕು, ಎರಡು ಗೋಡೆ ಕೂಡುವ ಮೂಲೆ ಬಿಟ್ಟುಕೊಂಡಿರುವುದು, ಗಾರೆಯವರ ತೂಗುಗುಂಡು ಇಳಿಬಿಟ್ಟಾಗ ಗೋಡೆ ವಾಲಿದ್ದು ಕಾಣುವುದು, ಸ್ಲ್ಯಾಬ್ ಜೋತುಬಿದ್ದಿರುವುದು, ಕಂಬದ ಕಾಂಕ್ರೀಟ್ ಉದುರಿ ಕಬ್ಬಿಣ ಕಾಣುವುದು, ನಿನ್ನೆವರೆಗೆ ಸಲೀಸಾಗಿದ್ದ ಬಾಗಿಲು ಇವತ್ತು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು. ಗಿಲಾವಿನ ಮೇಲಷ್ಟೇ ಕೂದಲೆಳೆಯ ಬಿರುಕಿದ್ದರೆ ಅದರ ಎರಡೂ ತುದಿಗೆ ಪೆನ್ಸಿಲ್ ಗೆರೆ ಹಾಕಿ ದಿನಾಂಕ ಬರೆಯಿರಿ, ಮರುಕಂಪನವಾದಾಗ ಗೆರೆ ದಾಟಿದೆಯೇ ನೋಡಿ.

ಈ ಪರೀಕ್ಷೆ ‘ಒಳಗೆ ಹೋಗಬೇಡಿ’ ಎನ್ನಲು ಮಾತ್ರ. ‘ಒಳಗೆ ಮಲಗಿ’ ಎನ್ನುವ ಅಧಿಕಾರ ಪಂಚಾಯತ್ ರಾಜ್ ಅಥವಾ ಲೋಕೋಪಯೋಗಿ ಇಂಜಿನಿಯರ್ ಅವರದು, ಅದೂ ಬರಹದಲ್ಲಿ. ಊರ ಹಿರಿಯರು ಎಷ್ಟೇ ಒತ್ತಾಯಿಸಿದರೂ, ಮಳೆಯೇ ಬಂದರೂ, ಮುಖ್ಯಶಿಕ್ಷಕರು ಈ ಮಾತಿಗೆ ಅಂಟಿಕೊಂಡಿರಬೇಕು.

ಹಂತ 5: ಜನ ಎಲ್ಲಿ ಮಲಗಬೇಕು

ಶಿಬಿರದಲ್ಲಿ ತಲೆಗೆ 3.5 ಚದರ ಮೀಟರ್ ಸೂರಿನ ಜಾಗ ಬೇಕೆಂಬುದು ಅಂತಾರಾಷ್ಟ್ರೀಯ ಪರಿಹಾರ ಮಾನದಂಡ. ಓಡಾಟ, ಶೌಚಾಲಯ, ಅಡುಗೆ ಎಲ್ಲ ಸೇರಿದರೆ ತಲೆಗೆ ಕನಿಷ್ಠ 45 ಚದರ ಮೀಟರ್. ಒಂದು ಎಕರೆ ಶಾಲಾ ಬಯಲಿಗೆ ಇದನ್ನು ಅನ್ವಯಿಸಿದರೆ 90 ಜನರಷ್ಟೇ ಹಿಡಿಯುತ್ತಾರೆ. ಹಾಗಾಗಿ ಊರೆಲ್ಲವನ್ನೂ ಶಾಲೆಯ ಬಯಲಲ್ಲಿ ಮಲಗಿಸುವ ಯೋಜನೆ ಬೇಡ. ಜನರಿಗೆ ದನ ಕಟ್ಟಬೇಕು, ಬಿದ್ದ ಮನೆಯ ಕಾಳುಕಡಿ, ಪಾತ್ರೆಪಗಡೆ ಕಾಯಬೇಕು. ಅವರವರ ಕಣದಲ್ಲಿ, ಹಿತ್ತಲಲ್ಲಿ, ಗೋಡೆಗಳಿಂದ ದೂರ ತಾಡಪತ್ರಿ ಕಟ್ಟಿಕೊಳ್ಳಲಿ. ಶಾಲೆಯ ಬಯಲು ಅಡುಗೆಗೆ, ಹಂಚಿಕೆಗೆ, ಆರೋಗ್ಯ ತಪಾಸಣೆಗೆ, ಮಕ್ಕಳಿಗೆ ಇರಲಿ. ಯಾರೂ ಇಲ್ಲದ ಮುದುಕರು, ಬಾಣಂತಿಯರು, ಗಾಯಾಳುಗಳ ಮನೆಯವರು ಮಾತ್ರ ಅಲ್ಲಿ ಉಳಿಯಲಿ.

ಪರಿಹಾರದಲ್ಲಿ ಬರುವ ತಾಡಪತ್ರಿ ಸಾಮಾನ್ಯವಾಗಿ 4 ಮೀಟರ್‌ಗೆ 6 ಮೀಟರ್ ಅಳತೆಯದು. 6 ಮೀಟರ್ ಬದಿ ಅಡ್ಡಲಾಗಿ ಬರುವಂತೆ, ನಡುವೆ 2 ಮೀಟರ್ ಎತ್ತರದ ಬೊಂಬಿನ ಮೇಲೆ ಹಾಯಿಸಿ ಎರಡೂ ಕಡೆ ಇಳಿಬಿಟ್ಟರೆ ನೆಲದಲ್ಲಿ 4.4 ಮೀಟರ್ ಅಗಲ, 4 ಮೀಟರ್ ಉದ್ದ ಸಿಗುತ್ತದೆ. ಐದು ಜನರ ಕುಟುಂಬಕ್ಕೆ ಲೆಕ್ಕಕ್ಕೆ ಸರಿಯಾದ ಜಾಗ. ಅದನ್ನೇ ಉದ್ದಕ್ಕೆ ಹಾಯಿಸಿದರೆ ತಲೆ ತಾಗುವಷ್ಟು ತಗ್ಗಾಗುತ್ತದೆ. ಸುತ್ತ ಒಂದು ಗೇಣು ಆಳದ ಕಾಲುವೆ ತೋಡಿಸಿ, ಡೇರೆಗಳ ನಡುವೆ 2 ಮೀಟರ್ ಬಿಡಿಸಿ. ಬಿದ್ದ ಕಲ್ಲುಗಳ ರಾಶಿಯ ಪಕ್ಕ ಹಾಸಿಗೆ ಬೇಡ, ಹಾವು ಚೇಳು ಅಲ್ಲೇ ಸೇರುತ್ತವೆ.

ಹಂತ 6: ನೀರು

ಕಂಪನದಿಂದ ಉಳಿದವರು ವಾಂತಿಭೇದಿಗೆ ಬೀಳುವುದು ನೀರಿನಿಂದ. ಪೈಪ್ ಒಡೆದಿರುತ್ತದೆ, ಬಾವಿಯ ಕಟ್ಟೆ ಕುಸಿದಿರುತ್ತದೆ, ಎಷ್ಟೋ ಕಡೆ ನೀರು ಕದಡಿ ಕೆಂಪಾಗುತ್ತದೆ.

ಕುಡಿಯಲು, ಅಡುಗೆಗೆ, ಕೈಕಾಲು ತೊಳೆಯಲು ಸೇರಿ ತಲೆಗೆ ದಿನಕ್ಕೆ 15 ಲೀಟರ್ ಗುರಿ ಇಟ್ಟುಕೊಳ್ಳಿ. ಮೊದಲ ಒಂದೆರಡು ದಿನ 7.5 ಲೀಟರ್‌ಗಿಂತ ಇಳಿಸಬೇಡಿ. 400 ಜನರ ಊರಿಗೆ ದಿನಕ್ಕೆ 6,000 ಲೀಟರ್, ಅಂದರೆ 5,000 ಲೀಟರಿನ ಒಂದು ಟ್ಯಾಂಕರ್ ಸಾಲದು. ‘ಟ್ಯಾಂಕರ್ ಕಳಿಸಿ’ ಎನ್ನುವ ಬದಲು ‘ದಿನಕ್ಕೆ 6,000 ಲೀಟರ್ ಬೇಕು, ಇಳಿಸಿಕೊಳ್ಳಲು 1,000 ಲೀಟರಿನ ಮೂರು ಸಿಂಟೆಕ್ಸ್ ಇವೆ, ಎರಡು ಸಲ ಬರಬೇಕು’ ಎಂದು ಕೇಳಿ. ಇಳಿಸಿಕೊಳ್ಳುವ ಪಾತ್ರೆಯಿಲ್ಲದೆ ಟ್ಯಾಂಕರ್ ಕಾದು ನಿಲ್ಲುವುದು, ಇಲ್ಲವೇ ಅರ್ಧ ನೀರು ಚೆಲ್ಲಿ ಹೋಗುವುದು ಸಾಮಾನ್ಯ.

ಬ್ಲೀಚಿಂಗ್ ಪೌಡರ್ ಲೆಕ್ಕ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರು ನಿದ್ದೆಯಲ್ಲೂ ಮಾಡಬಲ್ಲರು. ಆದರೂ ಬರೆದು ಗೋಡೆಗೆ ಅಂಟಿಸಿ. 25 ಪ್ರತಿಶತ ಕ್ಲೋರಿನ್ ಇರುವ ಪುಡಿಯಾದರೆ ತಿಳಿನೀರಿಗೆ 1,000 ಲೀಟರಿಗೆ 8 ಗ್ರಾಂ. ಪುಡಿಯನ್ನು ನೇರ ಸುರಿಯಬೇಡಿ. ಪ್ಲಾಸ್ಟಿಕ್ ಬಕೆಟ್‌ನಲ್ಲಿ ಸ್ವಲ್ಪ ನೀರಿನೊಂದಿಗೆ ಕಲಸಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಹಾಕಿ. ತಳದ ಸುಣ್ಣ ಹೊರಗೆ. ಬಾವಿಗಾದರೆ ವ್ಯಾಸವನ್ನು ವ್ಯಾಸದಿಂದ ಗುಣಿಸಿ, ನೀರಿನ ಆಳದಿಂದ ಗುಣಿಸಿ, ಮತ್ತೆ 785ರಿಂದ ಗುಣಿಸಿದರೆ (ಅಳತೆ ಮೀಟರಿನಲ್ಲಿ) ನೀರು ಎಷ್ಟು ಲೀಟರ್ ಎಂದು ಸಿಗುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28,260 ಲೀಟರ್, ಬೇಕಾದ ಪುಡಿ 226 ಗ್ರಾಂ. ಅರ್ಧ ಗಂಟೆ ಬಿಟ್ಟು ಪಂಚಾಯಿತಿಯ ನೀರು ಪರೀಕ್ಷಾ ಕಿಟ್‌ನಿಂದ ಉಳಿಕೆ ಕ್ಲೋರಿನ್ ನೋಡಿ. ಲೀಟರಿಗೆ 0.5 ಮಿಲಿಗ್ರಾಂ ಇದ್ದರೆ ಸರಿ, ಇಲ್ಲದಿದ್ದರೆ ಅರ್ಧ ಪ್ರಮಾಣ ಮತ್ತೆ ಹಾಕಿ ಅರ್ಧ ಗಂಟೆ ಕಾಯಿರಿ. ಕದಡಿದ ನೀರನ್ನು ಮೊದಲು ಕೊಡಗಳಲ್ಲಿ ತಿಳಿಯಾಗಲು ಬಿಟ್ಟು, ನಾಲ್ಕು ಮಡಿಕೆಯ ಸೀರೆ ಬಟ್ಟೆಯಲ್ಲಿ ಸೋಸಿ. ಮಣ್ಣು ಕ್ಲೋರಿನ್ನನ್ನು ತಿಂದುಹಾಕುತ್ತದೆ. ಬಾಯಿ ಬಿಚ್ಚಿಟ್ಟ ಹಳೆಯ ಚೀಲದ ಪುಡಿ ಶಕ್ತಿ ಕಳೆದುಕೊಂಡಿರುತ್ತದೆ. ಮೂಗಿಗೆ ಘಾಟು ಬಡಿಯದಿದ್ದರೆ ಹೊಸ ಚೀಲ ತರಿಸಿ.

ಒಆರ್‌ಎಸ್ ಪೊಟ್ಟಣಕ್ಕೆ ಒಂದು ಲೀಟರ್ ನೀರು. ಪೊಟ್ಟಣ ಮುಗಿದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಮಟ್ಟಸ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಗುವಿಗೆ ಕೆಡುಕಾಗುತ್ತದೆ, ಆದ್ದರಿಂದ ಕೈಯಳತೆ ಬೇಡ.

ಹಂತ 7: ಶೌಚ

ಶಾಲೆಯ ಶೌಚಾಲಯ ಒಂದೇ ದಿನದಲ್ಲಿ ಕಟ್ಟಿಕೊಳ್ಳುತ್ತದೆ. ಶುರುವಿನಲ್ಲಿ 50 ಜನರಿಗೆ ಒಂದರಂತೆ, ಆಮೇಲೆ 20 ಜನರಿಗೆ ಒಂದರಂತೆ ಬೇಕು. 400 ಜನರಿಗೆ ಮೊದಲ ವಾರ ಎಂಟು. ಅವುಗಳಲ್ಲಿ ಆರು ಹೆಂಗಸರಿಗೆ, ಎರಡು ಗಂಡಸರಿಗೆ. ತಾತ್ಕಾಲಿಕವಾಗಿ 30 ಸೆಂಟಿಮೀಟರ್ ಅಗಲ, 90 ಸೆಂಟಿಮೀಟರಿಗೆ ಕಡಿಮೆಯಿಲ್ಲದ ಆಳದ ಕಂದಕ ತೋಡಿ, 100 ಜನರಿಗೆ ಮೂರರಿಂದ ಮೂರೂವರೆ ಮೀಟರ್ ಉದ್ದ. ಪಕ್ಕದಲ್ಲಿ ಅಗೆದ ಮಣ್ಣು, ಒಂದು ಸಲಿಕೆ. ಪ್ರತಿ ಸಲವೂ ಮುಚ್ಚಬೇಕು. ಬಾವಿ, ಬೋರ್‌ವೆಲ್‌ನಿಂದ 30 ಮೀಟರ್ ದೂರ, ಆದರೆ ಮಲಗುವ ಜಾಗದಿಂದ 50 ಮೀಟರಿಗಿಂತ ದೂರ ಬೇಡ. ಎರೆ ಭೂಮಿಯಲ್ಲಿ ಮಳೆಗಾಲದಲ್ಲಿ ಆಳದ ಗುಂಡಿಯ ಬದಿ ಕುಸಿಯುತ್ತದೆ, ಅಲ್ಲಿ ಕಂದಕವನ್ನು ದಿಬ್ಬದ ಮೇಲೆ ತೋಡಿ.

ಹೆಂಗಸರ ಕಡೆ ಬೆಳಕು ಮತ್ತು ಒಳಚಿಲಕ ಇರಲೇಬೇಕು. ಅವು ಇಲ್ಲದಿದ್ದರೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಮುಟ್ಟಿನ ಬಟ್ಟೆ, ಪ್ಯಾಡ್‌ಗಳನ್ನು ಗಂಡಸರ ಸಾಲಿನಲ್ಲಿ ಹಂಚದೆ ಶಿಕ್ಷಕಿಯರೋ ಅಂಗನವಾಡಿ ಕಾರ್ಯಕರ್ತೆಯೋ ಬೇರೆ ಕಡೆ ಕೊಡಲಿ.

ಹಂತ 8: ಬಿಸಿಯೂಟದ ಒಲೆ ಊರಿಗೆ

ಮೊದಲ ದಿನ ಬೇಯಿಸುವ ಪ್ರಯತ್ನ ಬೇಡ. ಅವಲಕ್ಕಿ, ಮಂಡಕ್ಕಿ, ಬೆಲ್ಲ, ಬಾಳೆಹಣ್ಣು ಸಾಕು. ಎರಡನೆಯ ದಿನದಿಂದ ಶಾಲೆಯ ಅಡುಗೆಯವರು, ಪಾತ್ರೆಗಳು, ದಾಸ್ತಾನು ಇಡೀ ಊರಿನ ಆಸ್ತಿ. ಅಡುಗೆ ಕೋಣೆ ಬಿರಿದಿದ್ದರೆ ಬಯಲಲ್ಲಿ ಕಲ್ಲಿನ ಒಲೆ ಹೂಡಿ, ಡೇರೆಗಳಿಂದ ದೂರ, ಗಾಳಿ ಹೋಗುವ ದಿಕ್ಕಿನ ತುದಿಯಲ್ಲಿ.

ಬಿಸಿಯೂಟದ ಅಳತೆ ಕಿರಿಯರಿಗೆ ಅಕ್ಕಿ 100 ಗ್ರಾಂ, ಬೇಳೆ 20. ಆರನೆಯ ತರಗತಿಯಿಂದ ಮೇಲಿನವರಿಗೆ 150 ಮತ್ತು 30. ದೊಡ್ಡವರಿಗೆ ಹೊತ್ತಿಗೆ ಅಕ್ಕಿ 200, ಬೇಳೆ 40 ಹಿಡಿಯಿರಿ. 400 ಜನರ ಒಂದು ಊಟಕ್ಕೆ ಅಕ್ಕಿ 80 ಕಿಲೋ, ಬೇಳೆ 16 ಕಿಲೋ. 100 ಕಿರಿಯ ಮಕ್ಕಳಿರುವ ಶಾಲೆಯ ತಿಂಗಳ ಅಕ್ಕಿ ಹೆಚ್ಚೆಂದರೆ 250 ಕಿಲೋ, ಊರಿಗೆ ದಿನಕ್ಕೊಂದು ಊಟದಂತೆ ಮೂರು ದಿನ. ಆದ್ದರಿಂದ ಒಲೆ ಹೊತ್ತಿಸಿದ ದಿನವೇ ಮುಂದಿನ ದಾಸ್ತಾನು ಕೇಳಬೇಕು. ಅಕ್ಷರ ದಾಸೋಹದ (ಬಿಸಿಯೂಟ ಯೋಜನೆಯ) ಸಹಾಯಕ ನಿರ್ದೇಶಕರಿಗೆ ಫೋನ್ ಮಾಡಿ, ಆಮೇಲೆ ಬರಹದಲ್ಲಿ ತಿಳಿಸಿ. ದಾಸ್ತಾನು ಪುಸ್ತಕದಲ್ಲಿ ದಿನಾಂಕ, ತೂಕ, ಉಂಡವರ ಸಂಖ್ಯೆ ಬರೆದು ಎಸ್‌ಡಿಎಂಸಿ ಅಧ್ಯಕ್ಷರು ಮತ್ತು ಊರಿನ ಇಬ್ಬರ ಸಹಿ ಹಾಕಿಸಿ. ಆರು ತಿಂಗಳ ನಂತರ ಲೆಕ್ಕ ತಪಾಸಣೆಗೆ ಬಂದವರು ಭೂಕಂಪವನ್ನು ನೋಡಿರುವುದಿಲ್ಲ, ಪುಸ್ತಕವನ್ನು ನೋಡುತ್ತಾರೆ.

ಅಡುಗೆಯವರ ಮನೆಯೂ ಬಿದ್ದಿರುತ್ತದೆ ಎಂಬುದನ್ನು ಮರೆಯಬೇಡಿ. ಪಾಳಿ ಮಾಡಿ, ಸಹಾಯಕ್ಕೆ ನಾಲ್ಕು ಜನ ಕೊಡಿ.

ಹಂತ 9: ಹಂಚಿಕೆ

ಲಾರಿ ಬಂದಾಗ ಕೆಲಸ ಕೆಡುವುದು ಹೀಗೆ: ರಸ್ತೆ ಬದಿಯ ಓಣಿಯವರು ಮುತ್ತಿಕೊಳ್ಳುತ್ತಾರೆ, ಬಲವಿದ್ದವರಿಗೆ ಎರಡು, ಹಿಂದಿನ ಕೇರಿಗೆ, ತಾಂಡಾಕ್ಕೆ ಏನೂ ಇಲ್ಲ. ಸಾಮಾನನ್ನು ಲಾರಿಯಿಂದ ನೇರ ಹಂಚಲು ಬಿಡಬೇಡಿ. ಇಳಿಸಿ, ಎಣಿಸಿ, ಪಟ್ಟಿಯ ಮನೆ ಸಂಖ್ಯೆಗೆ ಚೀಟಿ ಕೊಟ್ಟು, ಮರುದಿನ ಓಣಿವಾರು ಹೊತ್ತು ನಿಗದಿ ಮಾಡಿ ಡಂಗುರ ಸಾರಿಸಿ. ಮೊದಲ ಸರದಿ ಅತಿ ದೂರದ ಕೇರಿಗೆ. ಸಾಕಾಗದಷ್ಟು ಬಂದಿದ್ದರೆ ಯಾರಿಗೆ ಮೊದಲು ಎಂಬುದನ್ನು ಹಂಚುವ ಮುಂಚೆ ಎಲ್ಲರೆದುರು ಓದಿ ಹೇಳಿ: ಮನೆ ಪೂರ್ತಿ ಬಿದ್ದವರು, ಸಾವಾದ ಮನೆಯವರು, ಬಾಣಂತಿ–ಹಸುಳೆ ಇರುವವರು. ಬಂದದ್ದೆಷ್ಟು, ಹಂಚಿದ್ದೆಷ್ಟು, ಉಳಿದದ್ದೆಷ್ಟು ಎಂದು ಶಾಲೆಯ ಕಪ್ಪುಹಲಗೆಯನ್ನು ಹೊರಗಿಟ್ಟು ದಿನಾ ಸಂಜೆ ಬರೆಯಿರಿ. ಗುಸುಗುಸು ಅರ್ಧಕ್ಕರ್ಧ ಅಲ್ಲೇ ನಿಲ್ಲುತ್ತದೆ.

ಹಳೆಬಟ್ಟೆಯ ಮೂಟೆಗಳನ್ನು ಬೇಡವೆನ್ನಲು ಸಂಕೋಚಪಡಬೇಡಿ. ಅವು ಜಾಗ ತಿನ್ನುತ್ತವೆ, ಮಳೆಗೆ ಕೊಳೆಯುತ್ತವೆ. ಕೇಳಿದವರಿಗೆ ಬೇಕಾದದ್ದರ ಪಟ್ಟಿ ಕಳುಹಿಸಿ: ತಾಡಪತ್ರಿ, ನೈಲಾನ್ ಹಗ್ಗ, ಸೋಲಾರ್ ದೀಪ, ಮುಚ್ಚಳವಿರುವ ಕೊಡ, ಸೋಪು, ಸೊಳ್ಳೆಪರದೆ, ದನಕ್ಕೆ ಮೇವು.

ಈ ದಿನಗಳಲ್ಲೇ ‘ಇವತ್ತು ರಾತ್ರಿ ಎರಡಕ್ಕೆ ದೊಡ್ಡದು ಬರುತ್ತದಂತೆ’ ಎಂಬ ಸುದ್ದಿ ಹಬ್ಬುತ್ತದೆ. ಗಂಟೆ, ದಿನ ಹೇಳುವ ವಿದ್ಯೆ ಜಗತ್ತಿನಲ್ಲಿ ಯಾರ ಬಳಿಯೂ ಇಲ್ಲ ಎಂದು ಗುಡಿಯ ಮೈಕಿನಲ್ಲಿ ಸ್ಪಷ್ಟವಾಗಿ ಹೇಳಿ. ಮರುಕಂಪನ ಬರಬಹುದು, ಅದಕ್ಕೇ ಬಿರಿದ ಮನೆಯೊಳಗೆ ಮಲಗಬೇಡಿ ಎಂಬುದನ್ನೂ ಜೊತೆಗೇ ಹೇಳಿ.

ಹಂತ 10: ಹಾನಿಯ ದಾಖಲೆ

ಪರಿಹಾರದ ಹಣ ಕಾಗದದ ಮೇಲೆ ನಿಂತಿದೆ. ಜನ ಕಲ್ಲು ಎತ್ತಿ ಜಾಗ ಚೊಕ್ಕ ಮಾಡುವ ಮೊದಲು ಪ್ರತಿ ಮನೆಯ ನಾಲ್ಕು ಫೋಟೊ ತೆಗೆಯಿರಿ: ಮುಂಭಾಗ, ಒಳಗಿನ ಎರಡು ಬದಿ, ಮನೆಯವರು ಮನೆ ಸಂಖ್ಯೆ ಬರೆದ ಸ್ಲೇಟು ಹಿಡಿದು ನಿಂತದ್ದು. ಸತ್ತ ದನಕ್ಕೂ ಹೂಳುವ ಮೊದಲು ಫೋಟೊ, ಪಶುವೈದ್ಯರ ಪತ್ರ. ಸಾವಾಗಿದ್ದರೆ ಮರಣೋತ್ತರ ವರದಿ ಇಲ್ಲದೆ ಸಂಸ್ಕಾರ ಮಾಡಿದರೆ ಮುಂದೆ ತೊಡಕು. ಪೊಲೀಸ್ ಪಂಚನಾಮೆಯಾದರೂ ಆಗಲಿ.

2022–23ರಿಂದ 2025–26ರ ಅವಧಿಗೆ ನಿಗದಿಯಾದ ವಿಪತ್ತು ಪರಿಹಾರ ನಿಧಿಯ ದರದಂತೆ ಸಾವಿಗೆ 4 ಲಕ್ಷ, ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ, ಹಸು ಅಥವಾ ಎಮ್ಮೆಗೆ 37,500, ಎತ್ತಿಗೆ 32,000, ಕುರಿ–ಮೇಕೆಗೆ 4,000 ರೂಪಾಯಿ. ರಾಜ್ಯ ಸರ್ಕಾರ ಇದಕ್ಕೆ ಸೇರಿಸಿ ಕೊಡುವುದುಂಟು, ದರ ಪರಿಷ್ಕರಣೆಯೂ ಆಗುತ್ತದೆ. ಅರ್ಜಿ ತುಂಬುವಾಗ ಜಾರಿಯಲ್ಲಿರುವುದನ್ನು ತಹಶೀಲ್ದಾರ್ ಕಚೇರಿಯಿಂದ ತರಿಸಿಕೊಳ್ಳಿ.

ಎಲ್ಲಿ ತಪ್ಪುತ್ತದೆಂದರೆ, ಮನೆ ಅಜ್ಜನ ಹೆಸರಿನಲ್ಲಿರುತ್ತದೆ, ವಾಸ ಮೂವರು ಮೊಮ್ಮಕ್ಕಳದು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಇರುವುದಿಲ್ಲ. ಬಾಡಿಗೆಯವರ ಹೆಸರು ಎಲ್ಲೂ ಬರುವುದಿಲ್ಲ. ಗ್ರಾಮ ಆಡಳಿತ ಅಧಿಕಾರಿ ಸಮೀಕ್ಷೆಗೆ ಬಂದ ದಿನ ನಿಮ್ಮ ಪಟ್ಟಿ ಹಿಡಿದು ಅವರ ಜೊತೆ ಓಣಿ ಸುತ್ತಿ, ಬಿಟ್ಟುಹೋದ ಮನೆಗಳನ್ನು ಅಲ್ಲೇ ಹೇಳಿ. ಹಾನಿ ‘ಪೂರ್ತಿ’ಯೋ ‘ಭಾಗಶಃ’ವೋ ಎಂದು ತೀರ್ಮಾನಿಸುವುದು ಅವರ ಮತ್ತು ಇಂಜಿನಿಯರರ ಕೆಲಸ. ಆ ಮಾತಿನಲ್ಲಿ ಶಿಕ್ಷಕರು ಸಿಲುಕಿದರೆ ಮುಂದೆ ಊರಿನ ಅರ್ಧದಷ್ಟು ಜನ ಅವರನ್ನು ನಂಬುವುದಿಲ್ಲ.

ಹಂತ 11: ಮಕ್ಕಳು

ಹತ್ತು ವರ್ಷದ ಹುಡುಗ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ತಾಯಿಯ ಸೆರಗು ಬಿಡದಿರುವುದು, ಲಾರಿ ಹೋದ ಸದ್ದಿಗೆ ಎದ್ದು ಓಡುವುದು, ಕಲ್ಲು ಪೇರಿಸಿ ಬೀಳಿಸುವ ಆಟವನ್ನೇ ಮತ್ತೆ ಮತ್ತೆ ಆಡುವುದು ಮೊದಲ ವಾರಗಳಲ್ಲಿ ಸಹಜ. ಬೈಯಬೇಡಿ, ‘ಏನಾಯಿತು ಹೇಳು’ ಎಂದು ಕೆದಕಬೇಡಿ. ಹೇಳಿದರೆ ಕೇಳಿ. ಸತ್ತವರ ಬಗ್ಗೆ ‘ಊರಿಗೆ ಹೋಗಿದ್ದಾರೆ’ ಎಂಬ ಸುಳ್ಳು ಬೇಡ, ಮಗು ದಾರಿ ಕಾಯುತ್ತದೆ. ತಿಂಗಳಾದರೂ ಊಟ, ನಿದ್ರೆ, ಮಾತು ಮರಳದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮೂಲಕ ಮಾನಸಿಕ ಆರೋಗ್ಯ ತಂಡಕ್ಕೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ–ಮಾನಸ್ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು, ಅದು ಶಿಕ್ಷಕರಿಗೂ ಇದೆ.

ತಂದೆತಾಯಿ ಇಬ್ಬರನ್ನೂ ಕಳೆದುಕೊಂಡ ಮಗುವನ್ನು ‘ನಾವು ಸಾಕುತ್ತೇವೆ’ ಎಂದು ಬಂದವರಿಗೆ, ಅವರು ಎಷ್ಟೇ ಒಳ್ಳೆಯವರಾಗಿ ಕಂಡರೂ, ಊರಿನವರೇ ಒಪ್ಪಿಸಕೂಡದು. ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಿ, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಲಿ.

ಹಂತ 12: ತಾತ್ಕಾಲಿಕ ಶಾಲೆ

ನೇಪಾಳದಲ್ಲಿ ಕಂಪನ ಬಡಿದದ್ದು ಶನಿವಾರ. ಅಲ್ಲಿ ಅದು ವಾರದ ರಜೆ, ತರಗತಿಗಳು ಖಾಲಿಯಿದ್ದವು. ಸಾವಿರಾರು ಕೋಣೆಗಳು ನೆಲಕಚ್ಚಿದರೂ ಮೇ 31ಕ್ಕೆ, ಐದು ವಾರದ ನಂತರ, ಬಿದಿರು ಮತ್ತು ತಾಡಪತ್ರಿಯ ಚಪ್ಪರಗಳಲ್ಲಿ ಶಾಲೆಗಳು ತೆರೆದವು. ಹಳ್ಳಿಯ ಮಟ್ಟದಲ್ಲಿ ಅಷ್ಟು ಕಾಯಬೇಕಿಲ್ಲ. ಮೊದಲ ವಾರವೇ ಮರದಡಿ ದಿನಕ್ಕೆ ಎರಡು ಗಂಟೆ, ಅದೇ ಹೊತ್ತಿಗೆ, ಅದೇ ಗಂಟೆ ಬಾರಿಸಿ ಶುರುಮಾಡಿ. ಹಾಡು, ಆಟ, ಚಿತ್ರ, ಕಥೆ, ಕೊನೆಗೆ ಊಟ. ಪಾಠ ಎರಡನೆಯ ವಾರದಿಂದ. ಮಕ್ಕಳು ಶಾಲೆಯಲ್ಲಿದ್ದ ಆ ಎರಡು ಗಂಟೆ ತಂದೆತಾಯಿ ಕಲ್ಲುಮಣ್ಣು ತೆಗೆಯಬಹುದು, ಕಚೇರಿಗೆ ಹೋಗಿ ಬರಬಹುದು.

40 ಮಕ್ಕಳಿಗೆ 6 ಮೀಟರ್ ಅಗಲ, 8 ಮೀಟರ್ ಉದ್ದದ ಚಪ್ಪರ ಸಾಕು. ಬೇಕಾಗುವ ಸಾಮಾನು: ಬದಿಯ ಕಂಬಕ್ಕೆ 2.8 ಮೀಟರಿನ ಹತ್ತು ಬೊಂಬು, ನಡುಸಾಲಿಗೆ 3.8 ಮೀಟರಿನ ಮೂರು, ಇಳಿಜಾರಿಗೆ 3.7 ಮೀಟರಿನ ಹತ್ತು, ಅಡ್ಡಕ್ಕೆ ಮತ್ತು ಓರೆ ಬಿಗಿತಕ್ಕೆ ಹದಿನಾರರಷ್ಟು, 24ಕ್ಕೆ 30 ಅಡಿಯ ಒಂದು ತಾಡಪತ್ರಿ, ನೈಲಾನ್ ಹಗ್ಗ. ಬದಿಯ ಕಂಬಗಳನ್ನು 2 ಮೀಟರಿಗೊಂದರಂತೆ, ನಡುಸಾಲಿನವನ್ನು 4 ಮೀಟರಿಗೊಂದರಂತೆ, ಎಲ್ಲವನ್ನೂ 60 ಸೆಂಟಿಮೀಟರ್ ಆಳ ಹೂಳಿ ಕಲ್ಲು ಹಾಕಿ ಗಿಡಿಯಿರಿ. ನಾಲ್ಕು ಮೂಲೆಗೂ ಓರೆ ಬೊಂಬು ಕಟ್ಟದಿದ್ದರೆ ಮೊದಲ ಬಿರುಗಾಳಿಗೆ ಚಪ್ಪರ ಒಂದು ಕಡೆಗೆ ಮಲಗುತ್ತದೆ. ಗೋಡೆಯ ಬದಲು ಸೊಂಟದೆತ್ತರಕ್ಕೆ ಗೋಣಿತಟ್ಟು ಸಾಕು, ಮಕ್ಕಳು ಎಲ್ಲ ಕಡೆಯಿಂದ ಹೊರಗೆ ಓಡುವಂತಿರಬೇಕು. ಆಮೇಲೆ ತಗಡು ಹೊದಿಸುವುದಾದರೆ ಹುಕ್ಕು ಬಿಗಿದು ಕಟ್ಟಿ. ನಮ್ಮ ಕಡೆ ಗಾಳಿಗೆ ಹಾರದಿರಲೆಂದು ತಗಡಿನ ಮೇಲೆ ಕಲ್ಲು ಹೇರುವ ರೂಢಿಯಿದೆ. ಮರುಕಂಪನಕ್ಕೆ ಆ ಕಲ್ಲು ಕೆಳಗೆ ಕೂತವರ ತಲೆಯ ಮೇಲೆ ಬೀಳುತ್ತದೆ.

ಹಂಚಿಕೆ ಮತ್ತು ಅಡುಗೆಯನ್ನು ಬಯಲಿನ ಒಂದು ತುದಿಗೆ ಸರಿಸಿ, ಯಾವ ದಿನಾಂಕಕ್ಕೆ ಅದನ್ನೂ ಪಂಚಾಯಿತಿಗೆ ಒಪ್ಪಿಸುತ್ತೀರಿ ಎಂದು ಪಿಡಿಒ ಜೊತೆ ಬರಹದಲ್ಲಿ ನಿಗದಿಮಾಡಿ. ದಿನಾಂಕವಿಲ್ಲದ ಪರಿಹಾರ ಕೆಲಸ ಶಿಕ್ಷಕರ ತಲೆಯ ಮೇಲೆ ವರ್ಷಗಟ್ಟಲೆ ಕೂರುತ್ತದೆ, ಪಾಠ ಹಿಂದೆ ಬೀಳುತ್ತದೆ.

ಮನೆ ಕಳೆದುಕೊಂಡ ಎಷ್ಟೋ ಕುಟುಂಬಗಳು ಆ ವರ್ಷ ಬೇಗನೆ ಪುಣೆ, ಮುಂಬೈ, ಹೈದರಾಬಾದಿಗೆ ಗುಳೆ ಹೊರಡುತ್ತವೆ. ಹೊರಡುವ ಮೊದಲೇ ಮಾತಾಡಿ. ಅಜ್ಜ–ಅಜ್ಜಿಯ ಬಳಿಯೋ ವಸತಿ ನಿಲಯದಲ್ಲೋ ಮಗುವನ್ನು ಉಳಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ಮಗುವಿನ ಸ್ಯಾಟ್ಸ್ ಸಂಖ್ಯೆ, ತರಗತಿ, ಶಾಲೆಯ ಫೋನ್ ಸಂಖ್ಯೆ ಬರೆದ ಮೊಹರು ಹಾಕಿದ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಾಯಿಯ ಕೈಗೆ ಕೊಡಿ, ಹೋಗುವ ಊರು ಮತ್ತು ಮುಕಾದಮನ (ಕೂಲಿಗೆ ಕರೆದೊಯ್ಯುವ ಮೇಸ್ತ್ರಿಯ) ಸಂಖ್ಯೆಯನ್ನು ಪಟ್ಟಿಯ ಅದೇ ಮನೆಯ ಸಾಲಿನಲ್ಲಿ ಬರೆದುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಿ ಮಗು ಅಲ್ಲಿನ ಶಾಲೆಗೆ ಸೇರಿತೇ ಎಂದು ಕೇಳಿ.